ಬಸುರಿಯ ಬುತ್ತಿ

ಔರಾದ ತಾಲ್ಲೂಕಿನ ಎಕಂಬಾದ ಕಡೆ ಚೊಚ್ಚಲ ಬಸುರಿಯ ದೊಡ್ಡ ಪ್ರಯಾಣವೆಂದರೆ ಕುಬಸದ ಪ್ರಯಾಣ. ಐದರಲ್ಲೋ ಏಳರಲ್ಲೋ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಎತ್ತಿದ ಮೇಲೆ ಅವಳು ತವರಿನ ಹಾದಿ ಹಿಡಿಯುತ್ತಾಳೆ. ತವರು ಭಾಲ್ಕಿಯ ಕಡೆ ಇರಬಹುದು, ಬೀದರಿನಲ್ಲಿರಬಹುದು, ಗಡಿ ದಾಟಿ ಉದಗೀರ, ದೇಗಲೂರಿನಲ್ಲೂ ಇರಬಹುದು. ಈ ಮೂಲೆಯಲ್ಲಿ ಬೀಗತನ ರಾಜ್ಯದ ಗಡಿ ನೋಡುವುದಿಲ್ಲ. ಮೊದಲೆಲ್ಲ ಬಂಡಿ, ಆಮೇಲೆ ಜೀಪು, ಈಗ ಕ್ರೂಸರ್ ಗಾಡಿ ಅಥವಾ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲವಾದ ಮೇಲೆ ಬಸುರಿಯರ ತಿರುಗಾಟ ತವರಿಗೆ ಮಾತ್ರ ನಿಂತಿಲ್ಲ. ಖಾನಾಪುರದ ಮೈಲಾರ ಮಲ್ಲಣ್ಣ, ಬೀದರಿನ ಝರಣಿ ನರಸಿಂಹ, ಇನ್ನೂ ದೂರದ ಗುಡಿಗಳೂ ಪಟ್ಟಿಗೆ ಸೇರಿವೆ. ಇದೇ ಸೀಮೆಯಿಂದ ಹೋಗಿ ಹೈದರಾಬಾದಿನಲ್ಲೋ ಪುಣೆಯಲ್ಲೋ ಕಂಪ್ಯೂಟರ್ ಕೆಲಸದಲ್ಲಿರುವ ಮಗಳು ಹೆರಿಗೆಗೆ ಮೊದಲು ಗಂಡನೊಂದಿಗೆ ಮುಂಬಯಿಯಲ್ಲಿ ವಿಹಾರ ಹಡಗು ಹತ್ತಿ ಗೋವಾ, ಲಕ್ಷದ್ವೀಪದ ಕಡೆ ಮೂರು ದಿನ ಹೋಗಿಬರುವುದೂ ಈಗ ಅಪರೂಪವಲ್ಲ.

ಹಡಗಿನವಳು, ಬಸ್ಸಿನವಳು ಇಬ್ಬರೂ ಮನೆ ಬಿಡುವಾಗ ಹಿರಿಯರಿಂದ ಒಂದೇ ಉಪದೇಶ ಕೇಳುತ್ತಾರೆ: ಪಪ್ಪಾಯಿ ಮುಟ್ಟಬೇಡ, ಎಳ್ಳು ತಿನ್ನಬೇಡ, ಉಷ್ಣದ ಪದಾರ್ಥ ಬೇಡ. ಕಾಯಿ ಪಪ್ಪಾಯಿಯ ಹಾಲಿನ ಮಟ್ಟಿಗೆ ಈ ಮಾತಿಗೆ ಅಲ್ಪಸ್ವಲ್ಪ ಆಧಾರವಿದೆ, ಎಳ್ಳಿನ ಮಟ್ಟಿಗೆ ಕಾಣೆ. ವಿಚಿತ್ರವೆಂದರೆ ದಾರಿಯಲ್ಲಿ ಬಸುರಿಯನ್ನು ನಿಜವಾಗಿ ಕಾಡಬಲ್ಲ ಯಾವುದೂ ಉಷ್ಣ-ತಂಪಿನ ಈ ಪಟ್ಟಿಯಲ್ಲಿಲ್ಲ. ಹಸಿ ಹಾಲು ತಂಪು ಎಂಬ ಲೆಕ್ಕದಲ್ಲಿ ಒಳ್ಳೆಯದಾಗಿಬಿಡುತ್ತದೆ. ರಾತ್ರಿಯ ಅನ್ನ ಮೆತ್ತಗಿದೆ, ಹೊಟ್ಟೆಗೆ ಹಗುರ ಎಂದಾಗುತ್ತದೆ. ಬಸ್ಸ್ಟ್ಯಾಂಡಿನ ಕಬ್ಬಿನ ಹಾಲು ಬಿಸಿಲಿಗೆ ಮದ್ದಾಗುತ್ತದೆ. ಪದಾರ್ಥದ ಗುಣವನ್ನು ನೋಡುವ ಈ ಲೆಕ್ಕ ಅದರ ವಯಸ್ಸನ್ನು ನೋಡುವುದಿಲ್ಲ. ಒಲೆಯಿಂದ ಇಳಿದ ಗಳಿಗೆಗೂ ಬಾಯಿಗೆ ಬಿದ್ದ ಗಳಿಗೆಗೂ ನಡುವೆ ಎಷ್ಟು ಹೊತ್ತು ಕಳೆಯಿತು, ಆ ಹೊತ್ತಿನಲ್ಲಿ ಊಟ ಎಷ್ಟು ಬಿಸಿ ಇತ್ತು, ಯಾರ ಕೈ ತಾಕಿತು ಎಂಬುದರಲ್ಲಿ ಈ ಅಧ್ಯಾಯದ ವಿಜ್ಞಾನ ಬಹುಪಾಲು ಮುಗಿಯುತ್ತದೆ.

ಹೊತ್ತಿನ ಲೆಕ್ಕ ಸುಲಭ. ಬ್ಯಾಕ್ಟೀರಿಯಾ ಒಂದು ಎರಡಾಗಲು ಅನುಕೂಲ ಹವೆಯಲ್ಲಿ 20 ನಿಮಿಷ ಸಾಕು. ಬೆಳಿಗ್ಗೆ 7ಕ್ಕೆ ಡಬ್ಬಿಗೆ ಬಿದ್ದ ಒಂದು ಜೀವಕೋಶ ಮಧ್ಯಾಹ್ನ 1ರ ಹೊತ್ತಿಗೆ 18 ಸಲ ದುಪ್ಪಟ್ಟಾಗಿ 2,62,144 ಆಗಿರುತ್ತದೆ. 5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಯವರೆಗಿನ ಪಟ್ಟಿಯನ್ನು ಆಹಾರ ವಿಜ್ಞಾನಿಗಳು ಅಪಾಯದ ವಲಯ ಎನ್ನುತ್ತಾರೆ. ಮೇ ತಿಂಗಳಲ್ಲಿ 40 ದಾಟುವ ಬೀದರಿನ ಬಿಸಿಲಿನಲ್ಲಿ, ಕಿಟಕಿಯ ಪಕ್ಕ ಇಟ್ಟ ಸ್ಟೀಲ್ ಡಬ್ಬಿಯ ಒಳಗೆ, ಈ ಸಂತತಿಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಸಿಗದು.

ಎಳ್ಳಮಾಸಿಯ ಪ್ರಯೋಗಶಾಲೆ

ಈ ಸೀಮೆಯಲ್ಲಿ ಊಟ ಹೊತ್ತು ನಡೆಯುವ ಹಬ್ಬವೊಂದು ಇದೆ. ಡಿಸೆಂಬರ್-ಜನವರಿಯಲ್ಲಿ ಬರುವ ಎಳ್ಳಮಾಸಿಯಂದು ಬೀದರ ಜಿಲ್ಲೆಯ ಊರುಗಳೂ ಗಡಿಯಾಚೆಯ ಲಾತೂರ ಸೀಮೆಯ ಊರುಗಳೂ ಖಾಲಿಯಾಗುತ್ತವೆ. ಹೊಲದಲ್ಲಿ ಜೋಳದ ದಂಟಿನ ಗೂಡು ಕಟ್ಟಿ, ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಬಂದವರಿಗೆಲ್ಲ ಊಟ ಬಡಿಸುತ್ತಾರೆ. ಹೆಂಗಸರು ನಸುಕಿಗೂ ಮೊದಲೆದ್ದು ಮಾಡಿದ ಅಡುಗೆ ಬುಟ್ಟಿಯಲ್ಲಿ, ಗಡಿಗೆಯಲ್ಲಿ ತಲೆಯ ಮೇಲೆ ಹೋಗಿ ಮಧ್ಯಾಹ್ನ ಎಲೆಗೆ ಬೀಳುತ್ತದೆ. ಪ್ರಯಾಣದ ಊಟವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ನನಗೆ ಗೊತ್ತಿಲ್ಲ, ಏಕೆಂದರೆ ಬುಟ್ಟಿಯಲ್ಲಿ ಮೂರು ಬಗೆಯ ಪದಾರ್ಥಗಳು ಇರುತ್ತವೆ ಮತ್ತು ಮೂರರ ಸೂಕ್ಷ್ಮಜೀವಿ ಲೋಕವೂ ಬೇರೆ ಬೇರೆ.

ಮೊದಲನೆಯದು ರೊಟ್ಟಿ. ಸಜ್ಜೆಯದಾಗಲಿ ಜೋಳದ್ದಾಗಲಿ, ಬಡಿದು ಸುಟ್ಟು ಒಣಗಿಸಿದ ಖಡಕ್ ರೊಟ್ಟಿಯಲ್ಲಿ ಸೂಕ್ಷ್ಮಜೀವಿ ಬಳಸಿಕೊಳ್ಳಬಲ್ಲ ನೀರೇ ಇರುವುದಿಲ್ಲ. ಆಹಾರದಲ್ಲಿ ಒಟ್ಟು ನೀರು ಎಷ್ಟಿದೆ ಎಂಬುದಕ್ಕಿಂತ ಅದರಲ್ಲಿ ಎಷ್ಟು ಬಿಡುವಾಗಿದೆ ಎಂಬುದು ಮುಖ್ಯ. ಅದನ್ನು ಅಳೆಯುವ ಮಾನಕ್ಕೆ ನೀರಿನ ಚಟುವಟಿಕೆ ಎಂದು ಹೆಸರು. ಶುದ್ಧ ನೀರಿನದು 1 ಆದರೆ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಬೆಳೆಯಲು ಸುಮಾರು 0.92 ಬೇಕು, ಒಣ ಪದಾರ್ಥದಲ್ಲೂ ತಾಳಿಕೊಳ್ಳುವ ಸ್ಟೆಫಿಲೊಕಾಕಸ್ಸಿಗೂ ಸುಮಾರು 0.85 ಬೇಕು. 0.6ರ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯದು. ಕಟುಂ ಎಂದು ಮುರಿಯುವ ರೊಟ್ಟಿ ಈ ಕೊನೆಯ ಗೆರೆಗಿಂತ ಕೆಳಗಿರುತ್ತದೆ. ತಿಂಗಳುಗಟ್ಟಲೆ ಕೆಡದ ಈ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ಇವೆರಡನ್ನು ಮೀರಿಸುವ ಬುತ್ತಿಯನ್ನು ಯಾವ ವಿಮಾನ ಕಂಪನಿಯೂ ಕಂಡುಹಿಡಿದಿಲ್ಲ. ಹಿಂಡಿಯ ವಿಷಯದಲ್ಲಿ ಒಂದೇ ಎಚ್ಚರಿಕೆ: ಬೂಷ್ಟು ಹಿಡಿದ, ಸುರುಟಿದ, ಕಹಿ ಶೇಂಗಾ ಕುಟ್ಟಬಾರದು. ಅದರ ಶಿಲೀಂಧ್ರ ಬಿಟ್ಟುಹೋಗುವ ಅಫ್ಲಾಟಾಕ್ಸಿನ್ ವಿಷ ಹುರಿದರೆ ಪೂರ್ತಿ ಹೋಗುವುದಿಲ್ಲ.

ಎರಡನೆಯದು ಅಂಬಲಿ. ಜೋಳದ ಹಿಟ್ಟು, ಮಜ್ಜಿಗೆ, ಮಣ್ಣಿನ ಗಡಿಗೆ, ಜೊತೆಗೆ ಬೆಳ್ಳುಳ್ಳಿ, ಕೊತ್ತಂಬರಿ. ಅದು ಹುಳಿಯುವಾಗ ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾಗಳು ಗಡಿಗೆಯನ್ನೇ ತಮ್ಮದಾಗಿಸಿಕೊಳ್ಳುತ್ತವೆ. ಪಿಎಚ್ 4.6ರ ಕೆಳಗೆ ಇಳಿದರೆ ಬಾಟುಲಿಸಮ್ ಎಂಬ ಆಹಾರವಿಷದ ಜೀವಿ ಬೆಳೆಯದು, ಇನ್ನೂ ಸ್ವಲ್ಪ ಇಳಿದರೆ ಲಿಸ್ಟೀರಿಯಾವೂ ನಿಲ್ಲುತ್ತದೆ. ಚೆನ್ನಾಗಿ ಹುಳಿದ ಅಂಬಲಿ ಈ ಮಟ್ಟ ಮುಟ್ಟುತ್ತದೆ. ಆದರೆ ಇಲ್ಲಿ ಜಾಹೀರಾತಿನ ಭಾಷೆಗೆ ಮರುಳಾಗಬಾರದು. ಹುಳಿ ಬೆಳವಣಿಗೆಯನ್ನು ತಡೆಯುತ್ತದೆ, ಎಲ್ಲವನ್ನೂ ಕೊಲ್ಲುವುದಿಲ್ಲ. ಕಲುಷಿತ ನೀರನ್ನು ಅಂಬಲಿ ತೆಳುವಾಗಲೆಂದು ಕೊನೆಗೆ ಸುರಿದರೆ ಆ ನೀರಿನಲ್ಲಿದ್ದ ವೈರಸ್ಸುಗಳು ಹುಳಿಯಲ್ಲಿ ಆರಾಮವಾಗಿಯೇ ಇರುತ್ತವೆ. ಬಸುರಿಗೆ ಬಡಿಸುವ ಅಂಬಲಿಗೆ ಹಿಟ್ಟು ಬೇಯಿಸಿರಬೇಕು, ಮಜ್ಜಿಗೆ ಕಾಯಿಸಿದ ಹಾಲಿನ ಮೊಸರಿನದಾಗಿರಬೇಕು, ನೀರು ಕುದ್ದು ಆರಿದ್ದಾಗಿರಬೇಕು, ಮೇಲೆ ಉದುರಿಸುವ ಕೊತ್ತಂಬರಿ ತೊಳೆದಿರಬೇಕು.

ಮೂರನೆಯದು ಹಬ್ಬದ ಜೀವಾಳವಾದ ಭಜ್ಜಿ. ಹಸಿ ತೊಗರಿ, ಕಡಲೆ, ಬಟಾಣಿ, ಅವರೆ, ಹತ್ತಾರು ಕಾಯಿ, ಸೊಪ್ಪು ಸೇರಿಸಿ ದೊಡ್ಡ ಪಾತ್ರೆಯಲ್ಲಿ ಬೇಯಿಸಿದ ಗಟ್ಟಿ ಪಲ್ಯ. ರುಚಿಯಲ್ಲಿ ಇದಕ್ಕೆ ಸಾಟಿಯಿಲ್ಲ, ಅಪಾಯದಲ್ಲೂ ಮೂರರಲ್ಲಿ ಇದೇ ಮೊದಲು. ನೀರು ಬೇಕಾದಷ್ಟು, ಪ್ರೋಟೀನು ಬೇಕಾದಷ್ಟು, ಹುಣಸೆ ಬಿದ್ದರೂ ಅಂಬಲಿಯಷ್ಟು ಹುಳಿ ಇಲ್ಲ. ಕುದಿಯುವ ನೀರಿನಲ್ಲೂ ಸಾಯದ ಬೀಜಕಗಳನ್ನು ಕಟ್ಟುವ ಎರಡು ಬ್ಯಾಕ್ಟೀರಿಯಾಗಳು ಇಂಥ ಪಾತ್ರೆಗಾಗಿ ಕಾದಿರುತ್ತವೆ: ಬ್ಯಾಸಿಲಸ್ ಸೀರಿಯಸ್ ಮತ್ತು ಕ್ಲಾಸ್ಟ್ರಿಡಿಯಮ್ ಪರ್‌ಫ್ರಿಂಜೆನ್ಸ್. ಎರಡನೆಯದು 43-47 ಡಿಗ್ರಿಯ ಬೆಚ್ಚನೆಯಲ್ಲಿ 10 ನಿಮಿಷದೊಳಗೆ ದುಪ್ಪಟ್ಟಾಗಬಲ್ಲದು. ಆಹಾರದ ಬ್ಯಾಕ್ಟೀರಿಯಾಗಳಲ್ಲಿ ಇಷ್ಟು ಅವಸರದವು ಕಡಿಮೆ. ದೊಡ್ಡ ಪಾತ್ರೆಯ ನಡುಭಾಗ ತಣಿಯಲು ಗಂಟೆಗಟ್ಟಲೆ ಬೇಕು, ಅಷ್ಟೂ ಹೊತ್ತು ಒಳಗೆ ಅದೇ ಬೆಚ್ಚನೆ. ನಸುಕಿನಲ್ಲಿ ಮಾಡಿ ಮಧ್ಯಾಹ್ನ ಉಣ್ಣುವ ಪದ್ಧತಿ, ಮೇಲಾಗಿ ಚಳಿಗಾಲ, ಇವೆರಡು ಸೇರಿ ಹೊಲದ ಊಟ ಹೆಚ್ಚಾಗಿ ಸುರಕ್ಷಿತವಾಗಿಯೇ ದಾಟುತ್ತದೆ. ತೊಂದರೆ ಸಂಜೆಯ ನಂತರದ್ದು. ಮರುದಿನವೇ ಭಜ್ಜಿಗೆ ರುಚಿ ಎನ್ನುವವರಿದ್ದಾರೆ. ಅವರೊಂದಿಗೆ ರುಚಿಯ ವಿಷಯದಲ್ಲಿ ನನಗೆ ಜಗಳವಿಲ್ಲ. ಉಳಿದದ್ದನ್ನು ಅಗಲ ತಟ್ಟೆಗಳಿಗೆ ಹರಡಿ ಬೇಗ ತಣಿಸಿ, ಫ್ರಿಜ್ಜಿಗೆ ಹಾಕಿ, ಮತ್ತೆ ಕುದಿ ಬರುವಂತೆ ಕಾಯಿಸಿ ಬಸುರಿಗೆ ಕೊಡಬಹುದು. ಇಡೀ ಪಾತ್ರೆಯನ್ನು ರಾತ್ರಿಯಿಡೀ ಒಲೆಯ ಮೇಲೆ ಬಿಟ್ಟಿದ್ದರೆ ಕೊಡಬಾರದು. ಅನ್ನಕ್ಕೂ ಇದೇ ಮಾತು. ಬ್ಯಾಸಿಲಸ್ ಸೀರಿಯಸ್ ಅನ್ನದಲ್ಲಿ ಬಿಟ್ಟ ವಾಂತಿಯ ವಿಷ ಮತ್ತೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ನಾಶವಾಗುವುದಿಲ್ಲ.

ಫ್ರಿಜ್ಜಿನಲ್ಲಿ ಬೆಳೆಯುವ ಜೀವಿ

ಹೊಟ್ಟೆಕೆಟ್ಟರೆ ಯಾರಿಗೂ ಕಷ್ಟವೇ. ಬಸುರಿಗೆ ಬೇರೆಯಾಗಿ ಏಕೆ ಹೆದರಬೇಕು? ಒಂದು ಉತ್ತರ ಸಾಮಾನ್ಯವಾದದ್ದು: ವಾಂತಿಭೇದಿಯಿಂದ ನೀರು ಕಳೆದುಕೊಂಡರೆ ಮಗುವಿನ ರಕ್ತಪೂರೈಕೆಯೂ ಕುಂದುತ್ತದೆ. ಇನ್ನೊಂದು ಉತ್ತರ ಒಂದು ನಿರ್ದಿಷ್ಟ ಜೀವಿಯದು. 1926ರಲ್ಲಿ ಕೇಂಬ್ರಿಜ್‌ನ ಪ್ರಯೋಗಾಲಯದ ಮೊಲಗಳು, ಗಿನಿ ಹಂದಿಗಳು ಸಾಯತೊಡಗಿದಾಗ ಮರ್ರೆ ಮತ್ತು ಸಂಗಡಿಗರು ಅದನ್ನು ಗುರುತಿಸಿದರು. ಮುಂದೆ ಶಸ್ತ್ರಚಿಕಿತ್ಸೆಯಲ್ಲಿ ಶುಚಿತ್ವ ತಂದ ಜೋಸೆಫ್ ಲಿಸ್ಟರ್ ಹೆಸರನ್ನು ಅದಕ್ಕೆ ಇಟ್ಟರು. ಲಿಸ್ಟೀರಿಯಾ ಮಾನೊಸೈಟೊಜೀನ್ಸ್ ಆರೋಗ್ಯವಂತ ಗಂಡಸಿನ ಹೊಟ್ಟೆಯಲ್ಲಿ ಹಾದುಹೋದರೆ ಅವನಿಗೆ ಗೊತ್ತೂ ಆಗದಿರಬಹುದು. ಬಸುರಿಯರಿಗೆ ಅದು ತಗಲುವ ಸಾಧ್ಯತೆ ಇತರರಿಗಿಂತ ಸುಮಾರು 10 ಪಟ್ಟು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ.

ಕಾರಣ ಗರ್ಭದ ರಚನೆಯಲ್ಲೇ ಇದೆ. ಅರ್ಧ ತಂದೆಯದಾದ ಮಗುವನ್ನು ತಾಯಿಯ ದೇಹ ಹೊರಗಿನದೆಂದು ತಿರಸ್ಕರಿಸಬಾರದು. ಅದಕ್ಕಾಗಿ ಗರ್ಭಕೋಶದ ಸುತ್ತ ರಕ್ಷಣಾ ಕೋಶಗಳ ಆರ್ಭಟ ತಗ್ಗಿರುತ್ತದೆ. ಲಿಸ್ಟೀರಿಯಾ ಜೀವಕೋಶದ ಒಳಗೇ ಅಡಗಿ ಬದುಕುವ ಜಾತಿ. ಅದು ಒಂದು ಕೋಶದೊಳಗೆ ಸೇರಿ, ಆ ಕೋಶದ್ದೇ ಆಕ್ಟಿನ್ ಎಂಬ ಪ್ರೋಟೀನಿನ ಬಾಲ ಕಟ್ಟಿಕೊಂಡು ಪಕ್ಕದ ಕೋಶಕ್ಕೆ ತಳ್ಳಿಕೊಂಡು ಹೋಗುತ್ತದೆ. ರಕ್ತದಲ್ಲಿ ಕಾವಲಿರುವ ಪ್ರತಿಕಾಯಗಳ ಕಣ್ಣಿಗೆ ಬೀಳುವುದೇ ಇಲ್ಲ. 2006ರಲ್ಲಿ ಅಮೆರಿಕದ ಬಕಾರ್ಜಿಯೆವ್ ಮತ್ತು ಸಂಗಡಿಗರು ಗಿನಿ ಹಂದಿಗಳಲ್ಲಿ ತೋರಿಸಿದ್ದು ಇನ್ನೂ ಬೆರಗಿನದು: ಮಾಸುಚೀಲಕ್ಕೆ ಸೋಂಕು ತಗಲಲು ಒಂದೇ ಒಂದು ಬ್ಯಾಕ್ಟೀರಿಯಾ ಸಾಕಾಗಬಹುದು, ಅಲ್ಲಿ ಬೆಳೆದು ಅದು ಮತ್ತೆ ತಾಯಿಯ ಅಂಗಗಳಿಗೆ ಮರಳುತ್ತದೆ. ತಾಯಿಗೆ ಒಂದೆರಡು ದಿನ ಜ್ವರ, ಮೈಕೈ ನೋವು ಬಂದು ಹೋಗಬಹುದು. ಮಗುವಿಗೆ ಗರ್ಭಪಾತ, ಅವಧಿಗೆ ಮುಂಚಿನ ಹೆರಿಗೆ, ಹುಟ್ಟಿದೊಡನೆ ರಕ್ತದ ನಂಜು.

ಇದು ಆಹಾರದಿಂದಲೇ ಬರುತ್ತದೆ ಎಂದು ಖಚಿತವಾದದ್ದು 1981ರಲ್ಲಿ, ಕೆನಡಾದ ಪೂರ್ವ ಕರಾವಳಿಯಲ್ಲಿ. ಕಾಯಿಲೆ ಬಿದ್ದ 41 ಪ್ರಕರಣಗಳಲ್ಲಿ 34 ಬಸುರಿಯರು ಮತ್ತು ಹಸುಗೂಸುಗಳದು. ಮೂಲ ಹುಡುಕುತ್ತ ಹೋದಾಗ ಸಿಕ್ಕಿದ್ದು ಹಸಿ ಕೋಸಿನ ಸಲಾಡು. ಕೋಸು ಬೆಳೆದ ಹೊಲಕ್ಕೆ ಕುರಿಗೊಬ್ಬರ ಹಾಕಿದ್ದರು, ಆ ಕುರಿಗಳಲ್ಲಿ ಲಿಸ್ಟೀರಿಯಾ ರೋಗವಿತ್ತು, ಕಿತ್ತ ಕೋಸನ್ನು ಚಳಿಗಾಲವಿಡೀ ತಣ್ಣನೆಯ ಉಗ್ರಾಣದಲ್ಲಿಟ್ಟಿದ್ದರು. ಹೊಲದಲ್ಲಿ ಕುರಿ ತರುಬಿಸುವ ನಮ್ಮ ರೈತರು ಈ ಕತೆಯನ್ನು ಒಮ್ಮೆ ಕೇಳಬೇಕು. ಕುರಿಗೊಬ್ಬರ ಬಿಡಿ ಎಂದಲ್ಲ. ಅದು ಬಿದ್ದ ಹೊಲದ ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲನ್ನು ರೊಟ್ಟಿಯ ಜೊತೆ ಹಸಿಯಾಗಿ ಕಡಿಯುವ ಚಟ ನಮ್ಮದು. ಬಸುರಿಯ ಎಲೆಗೆ ಅವು ಬರುವುದಾದರೆ ಮಣ್ಣು ಪೂರ್ತಿ ಹೋಗುವಂತೆ ಹರಿಯುವ ನೀರಿನಲ್ಲಿ ಹಲವು ಸಲ ತೊಳೆದು ಬರಬೇಕು, ಇಲ್ಲವೇ ಬೆಂದು ಬರಬೇಕು. ಅದೇ ಮಣ್ಣಿನಲ್ಲಿ ಬೆಕ್ಕಿನ ಮಲದಿಂದ ಬಂದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಕೋಶಗಳೂ ತಿಂಗಳುಗಟ್ಟಲೆ ಬದುಕಿರುತ್ತವೆ. ಮೊದಲ ಸಲ ಬಸಿರಿನಲ್ಲೇ ತಗಲಿದರೆ ಅವು ಮಗುವಿನ ಕಣ್ಣು, ಮೆದುಳನ್ನು ಕೆಡಿಸಬಲ್ಲವು. ಅರೆಬೆಂದ ಕುರಿಮಾಂಸದಿಂದಲೂ ಇದು ಬರುತ್ತದೆ. ಜಾತ್ರೆಯಲ್ಲಿ ಅವಸರಕ್ಕೆ ಬೇಯಿಸಿದ ಬಾಡು ಒಳಗೆ ಕೆಂಪಗಿದ್ದರೆ ಬಸುರಿಯ ತಟ್ಟೆಗೆ ಬರಬಾರದು.

ಕೆನಡಾದ ಆ ಉಗ್ರಾಣ ಕಲಿಸಿದ ಪಾಠವನ್ನು ಊರ ಮಂದಿಗಿಂತ ಪಟ್ಟಣದವರೇ ಹೆಚ್ಚು ಕೇಳಬೇಕು. ಬೇರೆ ಬ್ಯಾಕ್ಟೀರಿಯಾಗಳನ್ನು ಮಲಗಿಸುವ 4 ಡಿಗ್ರಿ ತಂಪಿನಲ್ಲಿ ಲಿಸ್ಟೀರಿಯಾ ನಿಧಾನವಾಗಿ, ಒಂದೆರಡು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತ ಬೆಳೆಯುತ್ತದೆ. ತಂಪಿಗಿಟ್ಟದ್ದೆಲ್ಲ ಸುರಕ್ಷಿತ ಎಂಬ ನಂಬಿಕೆ ಇಲ್ಲಿ ತಲೆಕೆಳಗು. 2017-18ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಪೊಲೊನಿ ಎಂಬ ತಣ್ಣಗೆ ತಿನ್ನುವ ಮಾಂಸದ ಕೊಳವೆಯಿಂದ ಸಾವಿರಕ್ಕೂ ಹೆಚ್ಚು ಮಂದಿಗೆ ಇದು ತಗಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಹಸುಗೂಸುಗಳೇ ಬಹಳ. ನಮ್ಮಲ್ಲಿ ಲಿಸ್ಟೀರಿಯಾ ಸುದ್ದಿ ಕಿವಿಗೆ ಬೀಳುವುದು ಕಡಿಮೆ. ಗರ್ಭಪಾತವಾದಾಗ ಅದರ ಕಾರಣವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ರೂಢಿ ಎಷ್ಟು ಆಸ್ಪತ್ರೆಗಳಲ್ಲಿದೆ ಎಂದು ಕೇಳಿದರೆ ಆ ಮೌನದ ಅರ್ಥ ಗೊತ್ತಾಗುತ್ತದೆ.

ಹಾಲು, ಒಂದು ಹಡಗು, ಮತ್ತೆ ಹಾಲು

ಔರಾದ, ಭಾಲ್ಕಿ ದೇವಣಿ ದನಗಳ ಸೀಮೆ. ಬೀದರಿನ ನಂದಿನಗರದಲ್ಲಿ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಇಲ್ಲಿ ತವರಿಗೆ ಬಂದ ಮಗಳಿಗೆ ಹಿತ್ತಿಲ ಆಕಳ ನೊರೆಹಾಲು ಕುಡಿಸುವುದು ಅಕ್ಕರೆಯ ಕೆಲಸ, ಕರು ಹಾಕಿದ ಮನೆಯಿಂದ ಗಿಣ್ಣು ಬರುವುದು ಮರ್ಯಾದೆ. ಕಾಯಿಸಿದ ಮೇಲೆ ಎರಡಕ್ಕೂ ನನ್ನ ತಕರಾರಿಲ್ಲ. ಕಾಯಿಸದಿದ್ದರೆ ತಕರಾರಿನ ಹೆಸರು ಬ್ರುಸೆಲ್ಲಾ.

1887ರಲ್ಲಿ ಮಾಲ್ಟಾ ದ್ವೀಪದ ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್, ಸೈನಿಕರನ್ನು ತಿಂಗಳುಗಟ್ಟಲೆ ಮಲಗಿಸುತ್ತಿದ್ದ ಏರಿಳಿಯುವ ಜ್ವರದ ಈ ಜೀವಿಯನ್ನು ಕಂಡುಹಿಡಿದ. ಅದು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಮತ್ತೆ 18 ವರ್ಷ ಬೇಕಾಯಿತು. 1905ರಲ್ಲಿ ಮಾಲ್ಟಾದವನೇ ಆದ ಥೆಮಿಸ್ಟೊಕ್ಲಿಸ್ ಜಮ್ಮಿತ್, ನೋಡಲು ಗಟ್ಟಿಮುಟ್ಟಾಗಿದ್ದ ಆಡುಗಳ ರಕ್ತದಲ್ಲಿ ಅದರ ಗುರುತು ಕಂಡ. ಅದೇ ವರ್ಷ ಜೋಷುವಾ ನಿಕಲ್ಸನ್ ಎಂಬ ಹಡಗು ಮಾಲ್ಟಾದಿಂದ ಹಾಲುಕರೆಯುವ ಆಡುಗಳನ್ನು ಅಮೆರಿಕಕ್ಕೆ ಹೊತ್ತು ಹೊರಟಿತು. ದಾರಿಯಲ್ಲಿ ನಾವಿಕರಿಗೆ ಹಾಲೋ ಹಾಲು. ಹಸಿಯಾಗಿ ಕುಡಿದವರು ಜ್ವರದಿಂದ ಮಲಗಿದರು, ಕಾಯಿಸಿ ಕುಡಿದವರು ಉಳಿದುಕೊಂಡರು. ಯಾರೂ ಯೋಜಿಸದೇ ನಡೆದ ಇಂಥ ಚೊಕ್ಕ ಪ್ರಯೋಗ ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ. ಮರುವರ್ಷ ಮಾಲ್ಟಾದ ಸೈನಿಕರಿಗೆ ಹಸಿ ಆಡಿನ ಹಾಲು ನಿಲ್ಲಿಸಿದ ಕೂಡಲೇ ಜ್ವರ ಇಳಿಯಿತು.

ದನಗಳಲ್ಲಿ ಇದೇ ಕುಲದ ಜೀವಿ ಕಂದು ಹಾಕಿಸುತ್ತದೆ. ಬ್ರುಸೆಲ್ಲಾ ತಗಲಿದ ಬಸುರಿಯರಲ್ಲೂ ಗರ್ಭಪಾತದ ಅಪಾಯ ಏರುತ್ತದೆ. ಆಕಳು ಅವಧಿಗೆ ಮೊದಲೇ ಕಂದು ಹಾಕಿದ ಮನೆಯಲ್ಲಿ ಕೊಟ್ಟಿಗೆ ಬಳಿಯುವ, ಮಾಸು ಎತ್ತುವ ಕೆಲಸಕ್ಕೆ ಬಸುರಿಯನ್ನು ಹಚ್ಚಲೇಬಾರದು, ಏಕೆಂದರೆ ಇದು ಬಾಯಿಯಿಂದಷ್ಟೇ ಅಲ್ಲ, ಕೈಯ ಗಾಯದಿಂದಲೂ ಉಸಿರಿನಿಂದಲೂ ಒಳಸೇರುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕುತ್ತಾರೆ. ಮನೆಯ ಕರುವಿಗೆ ಹಾಕಿಸಿದ್ದರೆ ಮನೆಯ ಮಗಳಿಗೂ ಅದರ ಲಾಭ ಉಂಟು. ಡೈರಿಯ ಪಾಶ್ಚರೀಕರಣಕ್ಕೆ 72 ಡಿಗ್ರಿಯಲ್ಲಿ 15 ಸೆಕೆಂಡು ಸಾಕು. ಮನೆಯಲ್ಲಿ ಒಂದು ಉಕ್ಕು ಬಂದರೆ ಅದಕ್ಕಿಂತ ಹೆಚ್ಚೇ ಆಯಿತು. ಬಸ್ಸ್ಟ್ಯಾಂಡಿನ ಪೇಡೆ, ಖೋವಾದ ಕತೆ ಬೇರೆ: ಕುದ್ದ ಹಾಲಿನದೇ ಆದರೂ ಕಟ್ಟುವ ಕೈಯ ಸ್ಟೆಫಿಲೊಕಾಕಸ್ ಅದರಲ್ಲಿ ಬಿಡುವ ವಿಷ ಶಾಖಕ್ಕೆ ಜಗ್ಗುವುದಿಲ್ಲ.

ನೀರು

ಈ ಅಧ್ಯಾಯದಲ್ಲಿ ಒಂದನ್ನೇ ನೆನಪಿಡುವುದಾದರೆ ಹೆಪಟೈಟಿಸ್ ಇ ಎಂಬ ಕಾಮಣಿ ನೆನಪಿರಲಿ. 1955ರ ಕೊನೆಯಲ್ಲಿ ಯಮುನೆಯ ನೆರೆ ಇಳಿದಾಗ ದೆಹಲಿಯ ವಜೀರಾಬಾದ್ ನೀರು ಶುದ್ಧೀಕರಣ ಕೇಂದ್ರದ ಬಾಯಿಗೆ ಚರಂಡಿಯ ನೀರು ಸೇರಿ, ಸುಮಾರು 29,000 ಮಂದಿಗೆ ಕಾಮಣಿ ಬಂತು. ಅದು ಯಾವ ಕಾಮಣಿ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. 1978ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಮತ್ತೆ ಹಬ್ಬಿದಾಗ ಮೊಹಮ್ಮದ್ ಸುಲ್ತಾನ್ ಖುರೂ ಎಂಬ ವೈದ್ಯರು ಬಸುರಿಯರೇ ಹೆಚ್ಚು ಸಾಯುತ್ತಿರುವುದನ್ನು ಕಂಡು, ಇದು ಆಗ ಗೊತ್ತಿದ್ದ ವೈರಸ್ಸುಗಳದಲ್ಲ ಎಂದು 1980ರಲ್ಲಿ ವಾದಿಸಿದರು. ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಲಾಯನ್ ರೋಗಿಗಳ ಮಲದ ಸಾರವನ್ನು ತಾನೇ ಕುಡಿದು, ಕಾಮಣಿ ಬರಿಸಿಕೊಂಡು, ತನ್ನ ಮಲದಲ್ಲಿ ವೈರಸ್ಸನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡು 1983ರಲ್ಲಿ ಪ್ರಕಟಿಸಿದ. ಇಂಥ ಧೈರ್ಯವನ್ನು ಮೆಚ್ಚಬೇಕೋ ಬೈಯಬೇಕೋ ನನಗಂತೂ ತಿಳಿಯದು. ನಮ್ಮ ದೇಶದಲ್ಲಿ ನೀರಿನಿಂದ ಹರಡುವ ಈ ಬಗೆ ಕೊನೆಯ ಮೂರು ತಿಂಗಳ ಬಸುರಿಯರಿಗೆ ತಗಲಿದರೆ ಐವರಲ್ಲಿ ಒಬ್ಬರವರೆಗೂ ಸಾಯಬಹುದು. ಅದೇ ಸೋಂಕು ಅವಳ ಗಂಡನಿಗೆ ಬಂದರೆ ಕೆಲವು ವಾರದ ಸುಸ್ತಿನಲ್ಲಿ ಹೋಗುತ್ತದೆ.

ಬೀದರಿನವರಿಗೆ ನೀರನ್ನು ಕಾಪಾಡುವುದು ಹೊಸದಲ್ಲ. ಬಹಮನಿ ಕಾಲದಲ್ಲಿ ನೌಬಾದಿನ ಬಳಿ ಜಂಬಿಟ್ಟಿಗೆಯಲ್ಲಿ ಕೊರೆದ ಸುರಂಗ ಬಾವಿಗಳ ಸಾಲು ನೀರನ್ನು ನೆಲದೊಳಗೆ, ಬಿಸಿಲು ದೂಳು ಸೋಕದಂತೆ ಊರಿಗೆ ತರುತ್ತಿತ್ತು. ಈಗಿನ ಕೊಳಾಯಿ ಒತ್ತಡ ಇಳಿದಾಗ ಬಿರುಕಿನಿಂದ ಪಕ್ಕದ ಚರಂಡಿಯನ್ನು ಒಳಗೆ ಎಳೆದುಕೊಳ್ಳಬಲ್ಲದು; ಮಳೆಗಾಲದ ಮೊದಲ ವಾರಗಳಲ್ಲಿ ಕಾಮಣಿ, ವಾಂತಿಭೇದಿ ಏರುವುದು ಹೀಗೆ. ಚೆನ್ನಾಗಿ ಕುದಿಸಿ ಆರಿಸಿದ ನೀರಿನ ಬಾಟಲಿ ಬಸುರಿಯ ಸೆರಗಿನಷ್ಟೇ ಹತ್ತಿರವಿರಬೇಕು. ನೀರು ಕುದಿಸಿ ಒಯ್ದವಳೂ ಸೋಲುವುದು ಬರ್ಫಿನ ಮುಂದೆ. ಕಬ್ಬಿನ ಹಾಲಿಗೆ, ಶರಬತ್ತಿಗೆ ಬೀಳುವ ಬರ್ಫ್ ಯಾವ ನೀರಿನದೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಪಾನಿಪೂರಿಯ ಪಾನಿಯೂ ಅಷ್ಟೇ. ಸಿಪ್ಪೆ ತಾನೇ ಸುಲಿದು ತಿನ್ನುವ ಬಾಳೆಹಣ್ಣು, ಮೋಸಂಬಿ, ಕಣ್ಣೆದುರು ಕುದಿಯುವ ಚಹಾ, ಎಣ್ಣೆಯಿಂದ ಆಗಷ್ಟೇ ಎತ್ತಿದ ಮಿರ್ಚಿ ಭಜಿ ಇವುಗಳ ಮುಂದೆ ಗಾಜಿನ ಪೆಟ್ಟಿಗೆಯ ಕೊಯ್ದ ಕಲ್ಲಂಗಡಿ ಅಪಾಯಕಾರಿ. ವೈದ್ಯರು ಎಣ್ಣೆಯದ್ದು ಬೇಡ ಎಂದು ಎದೆಯುರಿಗೆ ಹೇಳಿರುತ್ತಾರೆ, ಅದು ಸರಿಯೇ. ಸೂಕ್ಷ್ಮಜೀವಿಯ ಲೆಕ್ಕದಲ್ಲಿ ಮಾತ್ರ ಭಜಿಯೇ ಗೆಲ್ಲುತ್ತದೆ. ಬೀದರಿನ ಗುರುನಾನಕ್ ಝಿರಾ ಗುರುದ್ವಾರದ ಲಂಗರಿನಲ್ಲಿ ಬಿಸಿಬಿಸಿ ದಾಲು, ರೊಟ್ಟಿ ಸಿಗುವುದಾದರೆ ಡಬ್ಬಿಯ ಹಳೆಯ ಅನ್ನಕ್ಕಿಂತ ಅದು ಎಷ್ಟೋ ಲೇಸು. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯ ಅಂಗನವಾಡಿ ಊಟವನ್ನೂ ಅಲ್ಲೇ ಬಿಸಿಯಾಗಿ ಕುಳಿತು ಉಣ್ಣಲಿ ಎಂದೇ ರೂಪಿಸಿದ್ದರು. ಅದನ್ನು ಡಬ್ಬಿ ಕಟ್ಟಿಸಿಕೊಂಡು ಸಂಜೆಗೆ ತಿಂದರೆ ಪೌಷ್ಟಿಕಾಂಶ ಉಳಿದೀತು, ಸುರಕ್ಷತೆ ಉಳಿಯದು.

ಹಡಗಿನವಳಿಗೆ

ಮುಂಬಯಿಯಲ್ಲಿ ಹಡಗು ಹತ್ತುವವಳಿಗೆ ನೀರಿನ ಚಿಂತೆ ಕಡಿಮೆ. ದೊಡ್ಡ ಹಡಗುಗಳು ಸಮುದ್ರದ ನೀರಿನ ಉಪ್ಪು ತೆಗೆದು ಕ್ಲೋರಿನ್ ಹಾಕಿ ಬಳಸುತ್ತವೆ. ಅಲ್ಲಿನ ಶತ್ರು ಬೇರೆ: ಸಾವಿರಾರು ಜನ ಒಂದೇ ಬಫೆಯ ಸೌಟು ಹಿಡಿಯುವುದು. 1968ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ನಾರ್ವಾಕ್ ಊರಿನ ಶಾಲೆಯಲ್ಲಿ ಹಬ್ಬಿದ ವಾಂತಿಭೇದಿಯಿಂದ ಹೆಸರು ಪಡೆದ ನೊರೊವೈರಸ್‌ಗೆ ಸೋಂಕು ಹಚ್ಚಲು ಹತ್ತರಿಂದ ನೂರು ಕಣ ಸಾಕು. ಬಾಗಿಲಲ್ಲಿ ನಗುನಗುತ್ತ ಕೈಗೆ ಸುರಿಯುವ ಸ್ಯಾನಿಟೈಸರ್ ಅದರ ಮೇಲೆ ಹೆಚ್ಚು ನಡೆಯದು. ಸೌಟು ಹಿಡಿದ ಮೇಲೆ, ತಿನ್ನುವ ಮೊದಲು, ಸೋಪು-ನೀರಿನಲ್ಲಿ ತಿಕ್ಕಿ ಕೈ ತೊಳೆಯಬೇಕು. ತೆರೆದಿಟ್ಟ ಬಫೆಯ ಬದಲು ಎದುರಿಗೆ ಕಾಯಿಸಿ ಕೊಡುವ ದೋಸೆ, ಆಮ್ಲೆಟ್ ಒಳ್ಳೆಯವು, ಆಮ್ಲೆಟ್ಟಿನ ಮೊಟ್ಟೆ ಒಳಗೂ ಗಟ್ಟಿಯಾಗಿರಬೇಕು. ಹಸಿ ಮೀನಿನ ಸುಶಿ, ಹೊಗೆಯಾಡಿಸಿದ ತಣ್ಣನೆಯ ಮೀನು, ಮೆತ್ತನೆಯ ವಿದೇಶಿ ಚೀಸು, ತಣ್ಣನೆಯ ಮಾಂಸದ ತುಣುಕುಗಳು ಲಿಸ್ಟೀರಿಯಾದ ಹಳೆಯ ನೆಂಟರು. ಚಿಪ್ಪುಮೀನಿನ ವಿಷಯದಲ್ಲಿ ಒಂದು ನಿಜ ಘಟನೆ ಇದೆ. ಭೂಮಿ ಸುತ್ತಿ 2008ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿಗೆ ಮರಳಿದ ವಿಹಾರ ಹಡಗಿನ ಪ್ರಯಾಣಿಕರ ರಕ್ತ ಪರೀಕ್ಷಿಸಿದಾಗ 33 ಮಂದಿಯಲ್ಲಿ ಹೊಸ ಹೆಪಟೈಟಿಸ್ ಇ ಸೋಂಕು ಸಿಕ್ಕಿತು. ಬೆರಳು ತೋರಿಸಿದ್ದು ಹಡಗಿನಲ್ಲಿ ತಿಂದ ಚಿಪ್ಪುಮೀನಿನ ಕಡೆಗೆ. ಅದು ಯುರೋಪಿನ ಬಗೆಯ ವೈರಸ್ಸು, ನಮ್ಮದರಷ್ಟು ಬಸುರಿಘಾತಕವಲ್ಲ.

24 ವಾರ ತುಂಬುವವರನ್ನು ಹೆಚ್ಚಿನ ವಿಹಾರ ಹಡಗುಗಳು ಹತ್ತಿಸಿಕೊಳ್ಳುವುದಿಲ್ಲ. ನಡುಸಮುದ್ರದಲ್ಲಿ ಹೆರಿಗೆ ಕೊಠಡಿ ಇಲ್ಲವೆಂಬ ಸರಳ ಕಾರಣಕ್ಕೆ. ಅದಕ್ಕೂ ಮೊದಲಿನ ತಿಂಗಳುಗಳಲ್ಲಿ ಬಸಿರಿನ ವಾಂತಿಯ ಮೇಲೆ ಸಮುದ್ರದ ವಾಂತಿ ಸೇರಿದರೆ ಮೈಯ ನೀರು ಬೇಗ ಬತ್ತುತ್ತದೆ. ಒಂದು ಲೀಟರ್ ನೀರಿಗೆ ಕರಗಿಸುವ ಒಆರ್‌ಎಸ್ ಪೊಟ್ಟಣಗಳು ಬಸ್ಸಿನ ಚೀಲದಲ್ಲೂ ಹಡಗಿನ ಪೆಟ್ಟಿಗೆಯಲ್ಲೂ ಇರಲಿ. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ರೋಗಿಗಳಿಗೆ ದಿಲೀಪ್ ಮಹಲನಾಬೀಸ್ ಡ್ರಮ್ಮುಗಳಲ್ಲಿ ಕಲಸಿಟ್ಟು ಕೊಟ್ಟ ಸಕ್ಕರೆ-ಉಪ್ಪಿನ ದ್ರಾವಣದ ವಂಶದ್ದೇ ಅದು. ಗುಟುಕು ಗುಟುಕಾಗಿ ಕುಡಿಯಬೇಕು. ಭೇದಿ ನಿಲ್ಲಿಸುವ ಮಾತ್ರೆಯನ್ನು ಪಕ್ಕದ ಸೀಟಿನವರು ಎಷ್ಟೇ ಪ್ರೀತಿಯಿಂದ ಕೊಟ್ಟರೂ ವೈದ್ಯರನ್ನು ಕೇಳದೆ ನುಂಗಬಾರದು. ರಕ್ತಭೇದಿ, ನಿಲ್ಲದ ವಾಂತಿ, ಕಣ್ಣಲ್ಲಿ ಹಳದಿ, ಮೂತ್ರ ಕಟ್ಟುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು, 38 ಡಿಗ್ರಿ ಮೀರಿದ ಜ್ವರ, ಇವುಗಳಲ್ಲಿ ಒಂದು ಕಂಡರೂ ಊರಿನಲ್ಲಿದ್ದವರು 108ಕ್ಕೆ ಕರೆ ಮಾಡಬೇಕು. ಹಡಗಿನಲ್ಲಿದ್ದವರು ಹಡಗಿನ ವೈದ್ಯರ ಕೋಣೆಗೆ ಹೋಗಬೇಕು.

ಜ್ವರದ ವಿಷಯದಲ್ಲಿ ಇನ್ನೊಂದು ಮಾತು. ತಿಂದ ಭಜ್ಜಿ ಕೆಟ್ಟಿದ್ದರೆ ಅದೇ ದಿನ ತಿಳಿಯುತ್ತದೆ. ಲಿಸ್ಟೀರಿಯಾ ಮಾತ್ರ ಬಸುರಿಯರಲ್ಲಿ ಹತ್ತು ವಾರದವರೆಗೆ ಅಡಗಿರಬಲ್ಲದು, ಹೆಪಟೈಟಿಸ್ ಇ ಎರಡರಿಂದ ಹತ್ತು ವಾರ, ಬ್ರುಸೆಲ್ಲಾ ಕೆಲವು ವಾರದಿಂದ ತಿಂಗಳುಗಳವರೆಗೆ. ಕುಬಸ ಮುಗಿಸಿ ಒಂದೂವರೆ ತಿಂಗಳಾದ ಮೇಲೆ ಬಂದ ಜ್ವರಕ್ಕೂ ಆ ದಿನದ ಹಸಿ ಹಾಲಿಗೂ ನಂಟು ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ವೈದ್ಯರು ಕೇಳದಿದ್ದರೂ ಎಲ್ಲಿಗೆ ಹೋಗಿದ್ದೆ, ಏನು ತಿಂದೆ, ಹಾಲು ಕಾಯಿಸಿತ್ತೇ, ಮನೆಯ ಆಕಳು ಕಂದು ಹಾಕಿತ್ತೇ ಎಂಬುದನ್ನು ತಾಯಿ ಕಾರ್ಡಿನ ಜೊತೆ ಹೇಳಿಬಿಡಬೇಕು. ಕಾರಣ ಗೊತ್ತಾದರೆ ರಕ್ತವನ್ನು ಕಲ್ಚರ್ ಪರೀಕ್ಷೆಗೆ ಕಳಿಸಬಹುದು, ಮತ್ತು ಆ ರಕ್ತವನ್ನು ತೆಗೆಯಬೇಕಾದ್ದು ಆ್ಯಂಟಿಬಯೋಟಿಕ್ ಶುರುವಾಗುವ ಮೊದಲು. ಲಿಸ್ಟೀರಿಯಾ ಎಂದು ಖಾತ್ರಿಯಾದರೆ ಆಂಪಿಸಿಲಿನ್ ಎಂಬ ಹಳೆಯ ಔಷಧವೇ ಸಾಕಾಗುತ್ತದೆ, ಅದು ಬಸಿರಿನಲ್ಲೂ ಸುರಕ್ಷಿತ. ಹೆಪಟೈಟಿಸ್ ಇಗೆ ಅಂಥ ಮದ್ದಿಲ್ಲ. ಬೇಗ ಗುರುತಿಸಿ, ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಯಲ್ಲಿ ಯಕೃತ್ತಿನ ಮೇಲೆ ಕಣ್ಣಿಟ್ಟು ಕಾಯುವುದಷ್ಟೇ ಚಿಕಿತ್ಸೆ.